ಬಿಲ್ಲು 22ಕ್ಕೆ, ಸಂಬಳ 7ಕ್ಕೆ: ನಮ್ಮನೆ ಕಾರ್ಡಿನ ಲೆಕ್ಕ

ಪ್ರತಿ ತಿಂಗಳು 22ನೇ ತಾರೀಕು ನಮ್ಮ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬರುತ್ತದೆ. ಮಾರನೇ ದಿನ ಪೀಣ್ಯದಿಂದ ಕೆಲಸ ಮುಗಿಸಿ ಬರುವಾಗ ಕುರುಬರಹಳ್ಳಿ ಮೇನ್ ರೋಡಿನ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪ್ರಿಂಟ್ ಹಾಕಿಸಿಕೊಳ್ಳುತ್ತೇನೆ. ಮನೆಗೆ ಬಂದು ಕೈಕಾಲು ತೊಳೆದು ಕೂತ ಮೇಲೆ ಮೊದಲ ಕೆಲಸ, 'ಮಿನಿಮಮ್ ಅಮೌಂಟ್ ಡ್ಯೂ' ಅನ್ನುವ ಸಾಲಿನ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆಯುವುದು. ಆ ಸಾಲು ನಮ್ಮ ಮನೆಯವರ ಕಣ್ಣಿಗೆ ಬೀಳಲೇಬಾರದು ಅಂತ ನನ್ನ ಹಟ. ಅದರ ಮೇಲಿರುವ 'ಟೋಟಲ್ ಅಮೌಂಟ್ ಡ್ಯೂ'ಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತೇನೆ. ನಾವು ಕಟ್ಟುವುದು ಅಷ್ಟನ್ನೂ.

ಈ ಹಟ ಹುಟ್ಟಿದ್ದು 2021ರ ನವೆಂಬರ್‌ನಲ್ಲಿ. ಹತ್ತು ವರ್ಷ ದುಡಿದ ಫ್ರಿಜ್ ಕೆಟ್ಟಿತು, ಅದೇ ತಿಂಗಳು ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಮಾಡಿಸಬೇಕಾಯಿತು. ಫ್ರಿಜ್ಜಿಗೆ 23,500, ಆಸ್ಪತ್ರೆಗೆ 24,500. ಎರಡನ್ನೂ ಕಾರ್ಡಿನಲ್ಲಿ ಉಜ್ಜಿದೆವು, 48,000 ಆಯಿತು. ಬಿಲ್ಲು ಬಂದಾಗ ಅದರಲ್ಲಿ ಕಟ್ಟಬೇಕಾದ ಕನಿಷ್ಠ ಮೊತ್ತ 2,400 ಅಂತಿತ್ತು. ತಿಂಗಳಿಗೆ 2,400 ಅಂದರೆ ಕಂತು ಇದ್ದ ಹಾಗೆ ತಾನೇ, ಇಪ್ಪತ್ತು ತಿಂಗಳಲ್ಲಿ ತೀರುತ್ತದೆ ಅಂತ ನಾನೂ ನಮ್ಮ ಯಜಮಾನರೂ ನಂಬಿದೆವು. ನಾನು ಅಕೌಂಟ್ಸ್ ವಿಭಾಗದಲ್ಲೇ ಕೆಲಸ ಮಾಡುವವಳು. ಕಂಪನಿಯ ಒಂದೊಂದು ವೋಚರನ್ನೂ ಎರಡೆರಡು ಸಲ ನೋಡುತ್ತೇನೆ. ಮನೆಯ ಬಿಲ್ಲನ್ನು ಹಾಗೆ ನೋಡಿರಲಿಲ್ಲ.

ಹನ್ನೊಂದು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಎಲ್ಲ ಬಿಲ್ಲುಗಳನ್ನೂ ನೆಲದ ಮೇಲೆ ಹರಡಿಕೊಂಡು ಕೂತೆ. ಕಟ್ಟಿದ್ದು ಒಟ್ಟು 25,000 ದಾಟಿತ್ತು. ಸಾಲ ಇಳಿದದ್ದು ಸುಮಾರು ಐದು ಸಾವಿರ.

ಲೆಕ್ಕ ಹೀಗೆ. ಆ ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್. ನಮ್ಮ ಕಡೆ ಹೇಳುವ ಹಾಗೆ ಹೇಳಿದರೆ ಮೂರೂವರೆ ರೂಪಾಯಿ ಬಡ್ಡಿ. 48,000ಕ್ಕೆ 1,680 ಆಯಿತು. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ, 302 ರೂಪಾಯಿ. ಎರಡೂ ಸೇರಿ 1,982. ನಾವು ಕಟ್ಟಿದ 2,400ರಲ್ಲಿ ಅಸಲಿಗೆ ಹೋದದ್ದು ಬರೀ 418 ರೂಪಾಯಿ. ಕೈಸಾಲ ಕೊಡುವವರು ಯಾರಾದರೂ ಮನೆ ಬಾಗಿಲಿಗೆ ಬಂದು 'ಮೂರು ರೂಪಾಯಿ ಬಡ್ಡಿಗೆ ಕೊಡ್ತೀನಿ' ಅಂದರೆ ನಾವು ಬೇಡಪ್ಪ ಅಂತ ಕೈಮುಗಿದು ಕಳಿಸುತ್ತೇವೆ. ಕಾರ್ಡಿನಲ್ಲಿ ಜಿಎಸ್‌ಟಿಯೂ ಸೇರಿ ನಾಲ್ಕು ರೂಪಾಯಿಗೂ ಮೇಲಿನ ಬಡ್ಡಿಯನ್ನು ಹನ್ನೊಂದು ತಿಂಗಳು ಕಟ್ಟಿದ್ದೆವು.

ಈ ಬಡ್ಡಿಗೆ ಯಾರಾದರೂ ಮಿತಿ ಹಾಕುತ್ತಾರೆ ಅಂತ ಕಾಯುವುದೂ ವ್ಯರ್ಥ. ವರ್ಷಕ್ಕೆ 30 ಪರ್ಸೆಂಟ್‌ಗಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ನಮ್ಮ ಕಾರ್ಡಿನ ಬಡ್ಡಿ ಎಷ್ಟು ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು. ಸ್ಟೇಟ್‌ಮೆಂಟಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಈಗಲೇ ತೆಗೆದು ನೋಡಿ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಿಲ್ಲನ್ನು ಪೂರ್ತಿ ಕಟ್ಟಿದರೆ ಮಾತ್ರ ಮುಂದಿನ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದು. ಸ್ವಲ್ಪ ಬಾಕಿ ಉಳಿಸಿಕೊಂಡರೂ ಆಮೇಲೆ ಕೊಂಡದ್ದಕ್ಕೆಲ್ಲ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆಗ ಮೆಡಿಕಲ್ ಸ್ಟೋರ್‌ನಲ್ಲಿ 640 ರೂಪಾಯಿಯ ಔಷಧಿ ತೆಗೆದುಕೊಂಡಿದ್ದೆವು, ಅತ್ತೆಯ ಕಣ್ಣಿನ ಡ್ರಾಪ್ಸ್. ಅದಕ್ಕೂ ಬಡ್ಡಿ ಬಿದ್ದಿತ್ತು.

ತಾರೀಕು ಸರಿಮಾಡಿಕೊಳ್ಳಿ

ಮೊದಲು ಇದನ್ನು ಮಾಡಿ, ಮಿಕ್ಕದ್ದೆಲ್ಲ ಆಮೇಲೆ. ನಮ್ಮ ಕಂಪನಿಯಲ್ಲಿ ಸಂಬಳ ಬರುವುದು 7ನೇ ತಾರೀಕು. ಹಳೇ ಬಿಲ್ಲು 12ಕ್ಕೆ ಆಗುತ್ತಿತ್ತು, ಕಟ್ಟುವ ಕೊನೇ ದಿನ ಒಂದನೇ ತಾರೀಕಿನ ಆಸುಪಾಸು. ಅಂದರೆ ಬಾಡಿಗೆ ಕೊಡಬೇಕಾದ, ಕೈಯಲ್ಲಿ ಚಿಲ್ಲರೆ ಮಾತ್ರ ಉಳಿದಿರುವ ದಿನಗಳಲ್ಲೇ ಬ್ಯಾಂಕಿನ ಮೆಸೇಜ್ ಬರುತ್ತಿತ್ತು. ಇಂಥ ಹೊತ್ತಲ್ಲಿ ಮನುಷ್ಯ ಕನಿಷ್ಠ ಮೊತ್ತ ಕಟ್ಟದೆ ಇನ್ನೇನು ಮಾಡುತ್ತಾನೆ?

ಬಿಲ್ಲಿನ ತಾರೀಕು ಬದಲಾಯಿಸಿಕೊಳ್ಳುವ ಹಕ್ಕು ನಮಗಿದೆ. ಕನಿಷ್ಠ ಒಂದು ಸಲವಾದರೂ ಆ ಅವಕಾಶ ಕೊಡಲೇಬೇಕು ಅಂತ ಆರ್‌ಬಿಐ ನಿಯಮವಿದೆ. ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ 22ಕ್ಕೆ ಮಾಡಿಸಿಕೊಂಡೆ. ಈಗ ಕಟ್ಟುವ ಕೊನೇ ದಿನ 11ರ ಹತ್ತಿರ ಬರುತ್ತದೆ. 7ಕ್ಕೆ ಸಂಬಳ ಬರುತ್ತದೆ, 8ಕ್ಕೆ ಬಿಲ್ಲು ಕಟ್ಟಿರುತ್ತೇನೆ. ನಿಮ್ಮ ಸಂಬಳದ ದಿನ ಬೇರೆ ಇರಬಹುದು. ಕಟ್ಟುವ ದಿನ ಸಂಬಳವಾದ ಮೂರ್ನಾಲ್ಕು ದಿನಕ್ಕೆ ಬೀಳುವ ಹಾಗೆ ಹಿಂದಕ್ಕೆ ಎಣಿಸಿಕೊಳ್ಳಿ. ಬಿಲ್ಲಿಗೂ ಕೊನೇ ದಿನಕ್ಕೂ ಸಾಮಾನ್ಯವಾಗಿ ಇಪ್ಪತ್ತು ದಿನದ ಅಂತರ ಇರುತ್ತದೆ.

ಇದರಿಂದ ಇನ್ನೊಂದು ಅನುಕೂಲವೂ ಇದೆ. ಜೂನ್ 23ಕ್ಕೆ ಏನಾದರೂ ಕೊಂಡರೆ ಅದು ಜುಲೈ 22ರ ಬಿಲ್ಲಿಗೆ ಬಂದು, ಆಗಸ್ಟ್ 11ಕ್ಕೆ ಕಟ್ಟಿದರೆ ಸಾಕು, 49 ದಿನ ಸಿಕ್ಕಿತು. ಅದೇ ಸಾಮಾನನ್ನು ಜುಲೈ 21ಕ್ಕೆ ಕೊಂಡಿದ್ದರೆ ಮೂರೇ ವಾರ. ಕುಕ್ಕರ್, ಗ್ಯಾಸ್ ಸ್ಟೌವ್, ಮಗಳ ಸ್ಕೂಲ್ ಬ್ಯಾಗ್ ಇಂಥವನ್ನು ನಾವು 23 ಆದ ಮೇಲೆಯೇ ಕೊಳ್ಳುವುದು.

ಕೊನೇ ದಿನ ದಾಟಿ ಮೂರು ದಿನದೊಳಗೆ ಕಟ್ಟಿದರೆ ಲೇಟ್ ಫೀ ಹಾಕುವ ಹಾಗಿಲ್ಲ, ಅದೂ ಆರ್‌ಬಿಐ ನಿಯಮವೇ. ಆದರೆ ಆ ಮೂರು ದಿನವನ್ನು ನಂಬಿಕೊಂಡು ಕೂರಬೇಡಿ. ಸರ್ವರ್ ಕೈಕೊಟ್ಟಾಗ, ಊರಿಗೆ ಹೋದಾಗ ಬೇಕಾಗುತ್ತದೆ ಅಂತ ಇಟ್ಟುಕೊಳ್ಳಿ. ಬಿಲ್ಲಿನ ದುಡ್ಡು ಖಾತೆಯಿಂದ ತಾನಾಗಿ ಹೋಗುವ ಆಟೋ ಪೇ ಹಾಕಿಸಿದ್ದರೆ ಒಮ್ಮೆ ಒಳಗೆ ಹೋಗಿ ಪರೀಕ್ಷಿಸಿ. ನಮ್ಮ ಓರಗಿತ್ತಿಯ ಕಾರ್ಡಿನಲ್ಲಿ ಆಟೋ ಪೇ ಇತ್ತು, ಅವಳು ನಿಶ್ಚಿಂತೆಯಾಗಿದ್ದಳು. ತೆಗೆದು ನೋಡಿದರೆ ಅದು ಕನಿಷ್ಠ ಮೊತ್ತಕ್ಕೆ ಹಾಕಿದ್ದು.

ಕೆಂಪು ಇಂಕಿನ ಪುಸ್ತಕ

ನಮ್ಮಪ್ಪ ತಿಪಟೂರಿನಲ್ಲಿ ದಿನಸಿಯನ್ನೆಲ್ಲ ಅಂಗಡಿಯಲ್ಲಿ ಬರೆಸಿಯೇ ತರುತ್ತಿದ್ದರು. ಬರೆಸುವ ಪುಸ್ತಕ ಎರಡು, ಅಂಗಡಿಯವರ ಹತ್ತಿರ ಒಂದು, ನಮ್ಮ ಹತ್ತಿರ ಒಂದು. ತಿಂಗಳ ಮೊದಲ ವಾರ ಅಪ್ಪ ನಮ್ಮ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋಗಿ, ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಿ, ಪೂರ್ತಿ ದುಡ್ಡು ಕೊಟ್ಟು, ಕೆಳಗೆ ಗೆರೆ ಎಳೆಸಿಕೊಂಡು ಬರುತ್ತಿದ್ದರು. ಕಾರ್ಡೂ ಬರೆಸುವ ಪುಸ್ತಕವೇ. ನಮ್ಮ ಕಡೆಯ ಪುಸ್ತಕವನ್ನು ನಾವು ಇಟ್ಟುಕೊಳ್ಳುವುದು ಬಿಟ್ಟಿದ್ದೇವೆ, ಅಷ್ಟೇ ವ್ಯತ್ಯಾಸ.

ಅಡುಗೆಮನೆ ಬಾಗಿಲ ಹಿಂದೆ, ಕ್ಯಾಲೆಂಡರ್ ಪಕ್ಕ, ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ಕನ್ನು ದಾರ ಕಟ್ಟಿ ನೇತುಹಾಕಿದ್ದೇವೆ. ನಗದು, ಯುಪಿಐ ನೀಲಿ ಇಂಕಿನಲ್ಲಿ. ಕಾರ್ಡು ಕೆಂಪು ಇಂಕಿನಲ್ಲಿ. ಕಾರ್ಡಿನಲ್ಲಿ ಎಷ್ಟು ಉಜ್ಜಿದೆವೋ ಅಷ್ಟು ದುಡ್ಡನ್ನು ಅವತ್ತೇ ಇನ್ನೊಂದು ಬ್ಯಾಂಕಿನ ಉಳಿತಾಯ ಖಾತೆಗೆ ಹಾಕುತ್ತೇನೆ. ಆ ಖಾತೆಗೆ ಯುಪಿಐ ಇಲ್ಲ, ಅದರ ಎಟಿಎಂ ಕಾರ್ಡು ಬೀರುವಿನಲ್ಲಿದೆ. 22ಕ್ಕೆ ಬಿಲ್ಲು ಬರುವ ಹೊತ್ತಿಗೆ ಅದರ ದುಡ್ಡು ಆಗಲೇ ಅಲ್ಲಿ ಕೂತಿರುತ್ತದೆ. ಹಾಕಲು ದುಡ್ಡಿಲ್ಲದ ದಿನ ಕಾರ್ಡು ಉಜ್ಜುವುದಿಲ್ಲ. ನನಗೆ ಕಾರ್ಡಿನ ಲಿಮಿಟ್ ಅಂದರೆ ಇದೇ. ಬ್ಯಾಂಕು ಕೊಟ್ಟಿರುವ 60,000 ಅವರ ಲೆಕ್ಕ.

ಆ 60,000ದಲ್ಲಿ 30 ಪರ್ಸೆಂಟ್, ಅಂದರೆ 18,000ದ ಒಳಗೆ ಬಳಸಿದರೆ ಸಿಬಿಲ್ ಸ್ಕೋರಿಗೆ, ಅಂದರೆ ಸಾಲ ತೀರಿಸುವುದರಲ್ಲಿ ನಾವೆಷ್ಟು ನಂಬಿಕಸ್ತರು ಅನ್ನುವ ಅಂಕಕ್ಕೆ, ಒಳ್ಳೆಯದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾವು 12,000 ದಾಟುವುದಿಲ್ಲ. ಸ್ಕೋರು 300ರಿಂದ 900ರವರೆಗೆ ಇರುತ್ತದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ನಮ್ಮ ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಯುಗಾದಿ ಆದ ವಾರ ಒಂದು ತೆಗೆದು ನೋಡುವುದು ನಮ್ಮ ರೂಢಿ.

ತಾಳೆ ನೋಡುವ ದಿನ ಅತ್ತೆ ಪುಸ್ತಕ ಓದುತ್ತಾರೆ, ನಾನು ಪ್ರಿಂಟಿನಲ್ಲಿ ಟಿಕ್ ಹಾಕುತ್ತೇನೆ.

'ಜೂನ್ ನಾಲ್ಕು, ಪೆಟ್ರೋಲು, ಐನೂರು.'

'ಹ್ಞೂಂ, ಇದೆ ಅತ್ತೆ.'

'ಒಂಬತ್ತು, ದಿನಸಿ, ಮೂರು ಸಾವಿರದ ನೂರಾ ಎಂಬತ್ತು.'

'ಇದೆ.'

ಕಾಲು ಗಂಟೆಯ ಕೆಲಸ. ಒಂದು ಸಲ ಪುಸ್ತಕದಲ್ಲಿಲ್ಲದ 1,500 ರೂಪಾಯಿ ಬಿಲ್ಲಿನಲ್ಲಿತ್ತು. 'ಕಾರ್ಡ್ ಪ್ರೊಟೆಕ್ಷನ್' ಅಂತ ಹೆಸರು. ಫೋನಿನಲ್ಲಿ ಯಾರೋ ಕೇಳಿದಾಗ ನಮ್ಮ ಯಜಮಾನರು ಏನೋ ಇರಬೇಕು ಅಂತ 'ಸರಿ ಸರಿ' ಅಂದಿದ್ದರಂತೆ. ಅವತ್ತೇ ಬರೆದು ಕೇಳಿದ್ದಕ್ಕೆ ಹತ್ತು ದಿನದಲ್ಲಿ ವಾಪಸ್ ಬಂತು. ನೋಡದೆ ಬಿಟ್ಟಿದ್ದರೆ ಪ್ರತಿ ವರ್ಷ ಹೋಗುತ್ತಿತ್ತು.

ವರ್ಷಕ್ಕೊಮ್ಮೆ ಬರುವ ಖರ್ಚೇ ಕಾರ್ಡನ್ನು ಮುಳುಗಿಸುವುದು

ಹಾಲು, ತರಕಾರಿ, ದಿನಸಿಯಿಂದ ನಮ್ಮ ಮನೆ ಸಾಲಕ್ಕೆ ಬೀಳಲಿಲ್ಲ. ದಿನಕ್ಕೆ ಒಂದೂವರೆ ಲೀಟರ್ ನಂದಿನಿ ಹಾಲು, ತಿಂಗಳಿಗೆ ಎರಡು ಸಾವಿರ ದಾಟುತ್ತದೆ, ಆದರೆ ಅದು ಗೊತ್ತಿರುವ ಖರ್ಚು. ಜೂನ್‌ನಲ್ಲಿ ಸ್ಕೂಲಿನವರು ಚೀಟಿ ಕಳಿಸಿದಾಗ, ಶ್ರಾವಣದಲ್ಲಿ ವರಮಹಾಲಕ್ಷ್ಮಿ ಬಂದಾಗ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಕೈ ತಾನಾಗಿ ಕಾರ್ಡಿನ ಕಡೆ ಹೋಗುತ್ತದೆ. ಹಬ್ಬವೇನು ಹೇಳದೆ ಬರುತ್ತದೆಯೇ? ಪಂಚಾಂಗದಲ್ಲಿ ವರ್ಷದ ಮುಂಚೆಯೇ ಇರುತ್ತದೆ.

ಸಾಲ ತೀರಿದ ಮೇಲೆ ನಾನು ಮಾಡಿದ ಪಟ್ಟಿ ಇದು. ಮಗಳ ಸ್ಕೂಲ್ ಫೀಸಿನ ದೊಡ್ಡ ಕಂತು 28,000. ಸ್ಕೂಟರ್ ಇನ್ಶೂರೆನ್ಸ್, ಸರ್ವಿಸ್ 6,000. ವರಮಹಾಲಕ್ಷ್ಮಿ, ಗೌರಿ ಗಣೇಶ 9,000. ದೀಪಾವಳಿ ಬಟ್ಟೆ 8,000. ಊರ ಜಾತ್ರೆಗೆ ಹೋಗಿ ಬರುವುದು 5,000. ಆಸ್ಪತ್ರೆಗೆ ಅಂತ 10,000. ಒಟ್ಟು 66,000, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 5,500. ಸಂಬಳ ಬಂದ ಮಾರನೇ ದಿನ 5,500 ಬ್ಯಾಂಕಿನ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ) ಹೋಗುತ್ತದೆ, ಆಮೇಲೆ ಉಳಿದದ್ದರಲ್ಲಿ ಸಂಸಾರ. ಮೊದಲ ವರ್ಷ ಬಿಗಿ ಆಯಿತು. ಭಾನುವಾರದ ಹೋಟೆಲ್ ಊಟ ತಿಂಗಳಿಗೊಂದಕ್ಕೆ ಇಳಿಯಿತು. ಪಕ್ಕದ ಎರಡು ಮನೆಯವರ ಜೊತೆ ಸೇರಿ ಯಶವಂತಪುರ ಮಾರುಕಟ್ಟೆಯಿಂದ ಈರುಳ್ಳಿ ಮೂಟೆ ತಂದು ಹಂಚಿಕೊಳ್ಳಲು ಶುರುಮಾಡಿದೆವು. ಅದು ಈಗಲೂ ನಡೆಯುತ್ತಿದೆ.

ಗೃಹಜ್ಯೋತಿ ಇರುವ ಮನೆಯವರು ತಿಂಗಳ ಮಧ್ಯೆ ಒಮ್ಮೆ ಮೀಟರ್ ನೋಡಿ. 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಮ್ಮದೇ. 200ರ ಒಳಗಿದ್ದರೂ ನಮ್ಮ ಹಿಂದಿನ ಸರಾಸರಿಯ ಮೇಲೆ ನಿಗದಿಯಾದ ಯೂನಿಟ್ಟಿಗಿಂತ ಹೆಚ್ಚು ಸುಟ್ಟದ್ದಕ್ಕೆ ಕಟ್ಟಬೇಕು. ಚಳಿಗಾಲದಲ್ಲಿ ಗೀಸರ್ ನಮಗೆ ಎರಡು ಸಲ ಈ ಪಾಠ ಕಲಿಸಿದೆ.

ಸ್ಕ್ಯಾನ್ ಮಾಡುವ ಚಿಲ್ಲರೆ ಖರ್ಚಿಗೆ ನಾವು ಕಂಡುಕೊಂಡ ದಾರಿ ಯುಪಿಐ ಲೈಟ್, ಅಂದರೆ ಮೊದಲೇ ದುಡ್ಡು ತುಂಬಿಟ್ಟುಕೊಂಡು ಖರ್ಚು ಮಾಡುವ ಫೋನಿನ ಪರ್ಸು. ಸೋಮವಾರ ಬೆಳಿಗ್ಗೆ ಒಬ್ಬೊಬ್ಬರು 700 ರೂಪಾಯಿ ತುಂಬಿಕೊಳ್ಳುತ್ತೇವೆ. ಕಾಫಿ, ಎಳನೀರು, ಆಟೋ, ಹೂವು ಎಲ್ಲ ಅದರಲ್ಲೇ. ತಾನಾಗಿ ತುಂಬಿಕೊಳ್ಳುವ ಆಟೋ ಟಾಪ್ ಅಪ್ ಆಫ್ ಇಡಿ, ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ ಬಂದಿದೆಯಲ್ಲ, ಅದನ್ನು ನಾನು ಜೋಡಿಸಿಲ್ಲ, ನಿಮಗೂ ಬೇಡ ಅಂತಲೇ ಹೇಳುತ್ತೇನೆ. ಹದಿನೈದು ರೂಪಾಯಿ ಕೊತ್ತಂಬರಿ ಸೊಪ್ಪನ್ನು ಸಾಲದಲ್ಲಿ ತರುವ ಅಭ್ಯಾಸ ಒಮ್ಮೆ ಅಂಟಿದರೆ ಕೆಂಪು ಇಂಕಿನ ಪುಸ್ತಕ ಬರೆದು ಪೂರೈಸುವುದಿಲ್ಲ.

ಅಂಗಡಿಯಲ್ಲಿ ನಿಂತಾಗ

'ನೋ ಕಾಸ್ಟ್ ಇಎಂಐ' ಅಂದಾಗ ಮೂರು ಪ್ರಶ್ನೆ ಕೇಳಿ. ಒಂದೇ ಸಲ ದುಡ್ಡು ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ? ಪ್ರೊಸೆಸಿಂಗ್ ಫೀ ಎಷ್ಟು? ಬಡ್ಡಿಯ ಮೇಲಿನ ಜಿಎಸ್‌ಟಿ ಯಾರದು? ಈ ಇಎಂಐನಲ್ಲಿ ಬಡ್ಡಿ ಇದ್ದೇ ಇರುತ್ತದೆ. ಅದರಷ್ಟನ್ನು ಮೊದಲೇ ರಿಯಾಯಿತಿಯಾಗಿ ತೋರಿಸಿರುತ್ತಾರೆ. ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯೂ ಫೀಸೂ ಸಾಮಾನ್ಯವಾಗಿ ನಮ್ಮ ತಲೆಗೇ ಬರುತ್ತವೆ. ಕಳೆದ ವರ್ಷ ಮಲ್ಲೇಶ್ವರದಲ್ಲಿ 18,000ದ ಫೋನ್ ನೋಡಿದಾಗ ಅಂಗಡಿಯವರು 'ಮೇಡಂ, ಕಾರ್ಡ್ ಆದ್ರೆ ಎರಡ್ ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ' ಅಂದರು. ಎರಡು ಪರ್ಸೆಂಟ್ ಅಂದರೆ 360. ಕಾರ್ಡು ಬಳಸಿದ್ದಕ್ಕೆ ಬ್ಯಾಂಕು ಕೊಡುವ ಪಾಯಿಂಟಿನಲ್ಲಿ ನಮಗೆ ಬರುವುದು ಒಂದು ಪರ್ಸೆಂಟ್, 180. ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿ ತಂದೆವು.

ಪಾಯಿಂಟು, ಕ್ಯಾಶ್‌ಬ್ಯಾಕ್ ಬಗ್ಗೆ ಹೇಳುವುದು ಇಷ್ಟೇ ಇದೆ. ತಿಂಗಳಿಗೆ 12,000 ಉಜ್ಜುವ ನಮ್ಮಂಥ ಮನೆಗೆ ಒಂದು ಪರ್ಸೆಂಟ್ ಲೆಕ್ಕದಲ್ಲಿ ವರ್ಷಕ್ಕೆ 1,440 ರೂಪಾಯಿ. ನಾವು ಕಟ್ಟಿದ ಒಂದೇ ತಿಂಗಳ ಬಡ್ಡಿ 1,982.

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ದುಡ್ಡು ತೆಗೆಯಬೇಡಿ. ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಫೀಸು.

ಮೋಸದ ಫೋನು

'ನಿಮ್ಮ ಪಾಯಿಂಟ್ ಇವತ್ತು ಮುಗಿಯುತ್ತೆ', 'ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿ ಲೈನ್ ಕಟ್ ಮಾಡ್ತೀವಿ' ಅಂತ ಮೆಸೇಜ್ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಲಿಂಕ್ ಒತ್ತಬೇಡಿ. ಅತ್ತೆಗೆ ನಾನು ಹೇಳಿಕೊಟ್ಟಿರುವುದು ಒಂದೇ ಮಾತು: 'ಸೊಸೆ ಬಂದ ಮೇಲೆ ಮಾತಾಡಿ' ಅಂತ ಹೇಳಿ ಇಟ್ಟುಬಿಡಿ. ಕಾರ್ಡಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ ಆಫ್ ಮಾಡಿ. ಮುಟ್ಟಿಸಿದರೆ ಸಾಕು ಅನ್ನುವ ಟ್ಯಾಪ್ ಪಾವತಿ 5,000ದವರೆಗೆ ಪಿನ್ ಇಲ್ಲದೆ ನಡೆಯುತ್ತದೆ, ಬೇಡವಾದರೆ ಅದನ್ನೂ ಆಫ್ ಮಾಡಬಹುದು.

ಅಕಸ್ಮಾತ್ ದುಡ್ಡು ಹೋದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿ, ಆಮೇಲೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರೆದು ದೂರು ಕೊಟ್ಟು ನಂಬರ್ ತೆಗೆದುಕೊಳ್ಳಿ. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಂಥ ಮೋಸದಲ್ಲಿ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಮ್ಮ ಮೇಲೆ ಹೊಣೆ ಇಲ್ಲ ಅಂತ ಆರ್‌ಬಿಐ 2017ರಲ್ಲೇ ಹೇಳಿದೆ. ನಾವೇ ಒಟಿಪಿ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ಮುಂಚೆ ಹೋದದ್ದೆಲ್ಲ ನಮ್ಮದೇ ನಷ್ಟ. ಹಾಗಾಗಿ ಒಂದೊಂದು ನಿಮಿಷವೂ ಮುಖ್ಯ. ಬ್ಯಾಂಕಿನವರು 30 ದಿನದಲ್ಲಿ ಉತ್ತರ ಕೊಡದಿದ್ದರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಫೀಸಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ

ಇದನ್ನು ಓದುತ್ತಿರುವವರಲ್ಲಿ ಕನಿಷ್ಠ ಮೊತ್ತ ಕಟ್ಟುತ್ತಲೇ ಇರುವವರು ಇರುತ್ತೀರಿ. ನಿಮಗೋಸ್ಕರವೇ ನಾನು ಕೂತು ಬರೆದದ್ದು.

ಇವತ್ತಿನಿಂದ ಆ ಕಾರ್ಡಿನಲ್ಲಿ ಏನೂ ಕೊಳ್ಳಬೇಡಿ. ಅದಕ್ಕೆ ಜೋಡಿಸಿರುವ ರೀಚಾರ್ಜ್, ಓಟಿಟಿ ಎಲ್ಲ ಬಿಡಿಸಿ. ಆಮೇಲೆ ಬಾಕಿಯನ್ನು ಕಡಿಮೆ ಬಡ್ಡಿಯ ಸಾಲಕ್ಕೆ ಬದಲಾಯಿಸಿಕೊಳ್ಳುವ ದಾರಿ ಹುಡುಕಿ. ಕಾರ್ಡು ಕೊಟ್ಟ ಬ್ಯಾಂಕಿನವರೇ ಬಾಕಿಯನ್ನು ಇಎಂಐ ಮಾಡಿಕೊಡುತ್ತಾರೆ, ಬಡ್ಡಿ ಅರ್ಧಕ್ಕೂ ಕೆಳಗೆ ಇಳಿಯಬಹುದು, ಕೇಳಿ. ಪತ್ತಿನ ಸಹಕಾರ ಸಂಘದ ಸದಸ್ಯರಾಗಿದ್ದರೆ ಅಲ್ಲಿ ಕೇಳಿ. ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು ತೆಗೆದುಕೊಳ್ಳಬೇಡಿ, ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಕಡೆ ತಿರುಗಿಯೂ ನೋಡಬೇಡಿ.

ನಾವು ಒಡವೆ ಅಡ ಇಟ್ಟೆವು. ಆ ಭಾನುವಾರ ನಾನು ನೆಲದ ಮೇಲೆ ಬಿಲ್ಲು ಹರಡಿಕೊಂಡು ಅಳುತ್ತಿದ್ದದ್ದನ್ನು ನೋಡಿ ಅತ್ತೆ ಒಳಗೆ ಹೋಗಿ ತಮ್ಮ ಎರಡು ಬಳೆ ತಂದು ಪ್ರಿಂಟಿನ ಮೇಲೆ ಇಟ್ಟರು. 'ನನ್ ಕಣ್ಣಿಗೆ ತಾನೇ ಮಾಡಿದ್ ಸಾಲ. ಹೋಗಿ ತೀರಿಸ್ಬಿಡು' ಅಂದರು. ಬ್ಯಾಂಕಿನಲ್ಲಿ ವರ್ಷಕ್ಕೆ 11 ಪರ್ಸೆಂಟ್ ಬಡ್ಡಿಗೆ 43,000 ಸಿಕ್ಕಿತು. ತಿಂಗಳಿಗೆ 1,776 ಹೋಗುತ್ತಿದ್ದ ಬಡ್ಡಿ 400ರ ಒಳಗೆ ಬಂತು. ತಿಂಗಳಿಗೆ 3,000 ಕಟ್ಟಿ, ನಡುವೆ ಒಮ್ಮೆ ರಿನ್ಯೂ ಮಾಡಿಸಿ, ಬೋನಸ್ ದುಡ್ಡೂ ಸೇರಿಸಿ 2024ರ ಸಂಕ್ರಾಂತಿಗೆ ಬಿಡಿಸಿಕೊಂಡು ಬಂದೆವು. ಒಡವೆ ಇಡುವುದಾದರೆ ಬ್ಯಾಂಕು ಅಥವಾ ಲೈಸೆನ್ಸ್ ಇರುವ ಕಡೆಯೇ ಇಡಿ, ತೂಕ ಬರೆದ ಚೀಟಿ ಇಸ್ಕೊಳ್ಳಿ, ಅವಧಿ ಮುಗಿಯುವ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ತಾರೀಕು ತಪ್ಪಿದರೆ ಹರಾಜಿಗೆ ಹೋಗುತ್ತದೆ.

ಬಾಕಿ ತೀರಿದ ಮೇಲೆ ಆ ಕಾರ್ಡು ಬೇಡ ಅನ್ನಿಸಿದರೆ ಬರೆದು ಕೊಟ್ಟು ಮುಚ್ಚಿಸಿ. ಬಾಕಿ ಏನೂ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ಅವರೇ ನಮಗೆ ಕೊಡಬೇಕು. ಪಾಯಿಂಟುಗಳನ್ನು ಮೊದಲೇ ಬಳಸಿಕೊಳ್ಳಿ. 'ನೋ ಡ್ಯೂಸ್' ಪತ್ರವನ್ನು ಕೇಳಿ ಪಡೆದುಕೊಂಡು ರೇಷನ್ ಕಾರ್ಡು, ಬಾಡಿಗೆ ಕರಾರು ಇಡುವ ಫೈಲಿನಲ್ಲೇ ಇಡಿ. ಎರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆದು, ಆ ಕಾರ್ಡಿನ ಮುಂದೆ 'ಕ್ಲೋಸ್ಡ್' ಅಂತ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಆ ಪತ್ರದ ನಕಲು ಹಾಕಿ ಅಲ್ಲೇ ತಕರಾರು ದಾಖಲಿಸಿ.